ಗೋಪುರವೂ ತೋಟವೂ

(ಮಾಗಡಿ ಗ್ರಾಮದ ಪ್ರವಚನ ಮಾಲೆಯಿಂದ)



ನಿನ್ನೆಯ ದಿನ ನಮ್ಮ ಮಾತು ಭಕ್ತಸ್ಥಲವನ್ನು ಮುಗಿಸಿ ಮಾಹೇಶ್ವರಸ್ಥಲದ ಹೊಸ್ತಿಲಿಗೆ ಬಂದು ನಿಂತಿತ್ತು. ಇಂದು ಅಲ್ಲಿಂದ ಮುಂದೆ ಹೋಗಬೇಕೆಂದೇ ನಾವು ಬಂದವರು. ಆದರೆ ಮುಂಜಾನೆ ಇಷ್ಟಲಿಂಗಪೂಜೆ ತೀರಿಸಿಕೊಂಡು ಕೂಡುವಷ್ಟರಲ್ಲಿ ಊರ ಹಿರಿಯರು ನಾಲ್ಕೈದು ಮಂದಿ ಬಂದರು. ಅವರ ಕೈಯಲ್ಲಿ ಒಂದು ನಕ್ಷೆ ಇತ್ತು. "ಅಜ್ಜಾರ, ಹಳೇ ಕಲ್ಲಗುಡಿ ಸೋರಾಕತ್ತೇತ್ರಿ. ಅದನ್ನ ಕೆಡವಿ ಹೊಸಾದು ಕಟ್ಟಬೇಕಂತ ಮಾಡೇವಿ. ಮುಂದ ಐದಂತಸ್ತಿನ ಗೋಪುರ, ಮ್ಯಾಲ ಬಂಗಾರಬಣ್ಣದ ಕಳಸ. ಮನಿಗಿಷ್ಟು ಅಂತ ಪಟ್ಟಿ ಹಾಕೇವಿ. ತಾವ ಅಡಿಗಲ್ಲು ಹಾಕಬೇಕು" ಎಂದರು. ಅವರ ಮುಖದಲ್ಲಿ ನಿಜವಾದ ಭಕ್ತಿಯೇ ಇತ್ತು. ಅದರಲ್ಲಿ ನಮಗೆ ಸಂಶಯವಿಲ್ಲ. ಸಂಜೆ ಹೇಳುತ್ತೇವೆ ಎಂದು ಕಳಿಸಿದೆವು.

ಅವರು ಹೋದ ಮೇಲೆ ಕಂಬದ ಮರೆಯಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಸೆರಗಿನಲ್ಲಿ ಒಂದು ತೆಂಗಿನಕಾಯಿ. ಹತ್ತಿರ ಬಂದು ದೀರ್ಘದಂಡ ಹಾಕಿ, ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಅಜ್ಜಾರ, ನನ್ನ ಕಡಿಂದ ಪಟ್ಟಿ ಕೊಡಾಕ ಆಗಿಲ್ರಿ. ಇದ್ದ ರೊಕ್ಕಾ ಮೊಮ್ಮಗಳ ಸಾಲಿಗೆ ತುಂಬೀನಿ. ಪಟ್ಟಿ ಕೊಡದಾಕಿ ಹೊಸಾ ಗುಡಿಯೊಳಗ ಹೋದ್ರ ನಡೀತೇತೇನ್ರಿ?"

ತಾಯಂದಿರೇ, ಐವತ್ತು ವರ್ಷ ಶಾಸ್ತ್ರ ಓದಿದವರಿಗೂ ಇಂಥ ಪ್ರಶ್ನೆ ಒಮ್ಮೆಲೇ ಬಂದರೆ ಬಾಯಿ ಕಟ್ಟುತ್ತದೆ. "ನಡೀತದವ್ವಾ, ನಡೀತದ" ಎಂದೇನೋ ಹೇಳಿದೆವು. ಆದರೆ ಆ ಪ್ರಶ್ನೆ ದಿನವೆಲ್ಲ ನಮ್ಮ ಬೆನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹೇಳದೆ ಮಾಹೇಶ್ವರನ ನಿಷ್ಠೆಯನ್ನು ವರ್ಣಿಸಿದರೆ ಅದು ಬರಿಯ ಬಾಯಿಮಾತಾದೀತು. ಅದಕ್ಕಾಗಿ ಇಂದು ಷಟ್‌ಸ್ಥಲವನ್ನು ತುಸು ಬದಿಗಿಟ್ಟು ನಿಮ್ಮನ್ನು ಐದುನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತೇವೆ. ಗೋಪುರಗಳು ಈ ನಾಡಿನಲ್ಲಿ ಆಕಾಶಕ್ಕೆ ಎದ್ದು ನಿಂತ ಕಾಲ ಅದು. ಅಂದು ಏನಾಯಿತು, ಏನು ಉಳಿಯಿತು, ಏನು ಬಿತ್ತು ಎಂಬುದನ್ನು ನೋಡಿಕೊಂಡು ಆಮೇಲೆ ನಿಮ್ಮ ನಕ್ಷೆಯನ್ನು ಬಿಚ್ಚೋಣ.

ಕ್ರಿ. ಶ. 1509ರಲ್ಲಿ ಕೃಷ್ಣದೇವರಾಯ ವಿಜಯನಗರದ ಸಿಂಹಾಸನವನ್ನು ಏರಿದ. ಇಲ್ಲಿಂದ ಹಂಪೆ ಎಷ್ಟು ದೂರ? ಚಕ್ಕಡಿ ಕಟ್ಟಿಕೊಂಡು ಹೊರಟರೆ ನಾಲ್ಕು ದಿನದ ದಾರಿ. ಅಂದರೆ ನಿಮ್ಮ ಈ ಊರು ಆ ದೊಡ್ಡ ಪೇಟೆಯ ಸಪ್ಪಳ ಕೇಳುವಷ್ಟು ಹತ್ತಿರವೇ ಇತ್ತು. ರಾಜ್ಯದ ಸ್ಥಿತಿಯಾದರೂ ಹೇಗಿತ್ತು? ಬಡಗಣ ದಿಕ್ಕಿನಲ್ಲಿ ಬಹಮನಿ ರಾಜ್ಯ ಒಡೆದು ಹೋಳಾಗಿತ್ತು. 1490ರ ಸುಮಾರಿಗೆ ಯೂಸುಫ್ ಆದಿಲ್‌ಖಾನ ವಿಜಾಪುರದಲ್ಲಿ ತನ್ನದೇ ಆಳ್ವಿಕೆ ಹೂಡಿದ್ದ. 1510ರಲ್ಲಿ ಪೋರ್ತುಗೀಜರ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಗೋವೆ ಅಂದರೆ ಕುದುರೆಯ ಬಾಗಿಲು. ಅರಬರ ದೇಶದ ಕುದುರೆ ಹಡಗಿನಲ್ಲಿ ಬಂದು ಇಳಿಯುತ್ತಿದ್ದುದು ಅಲ್ಲಿ. ಯಾರ ಕೈಯಲ್ಲಿ ಕುದುರೆಯೋ ಅವರ ಕೈಯಲ್ಲಿ ರಾಯಚೂರು; ಯಾರ ಕೈಯಲ್ಲಿ ರಾಯಚೂರೋ ಅವರಿಗೆ ಕೃಷ್ಣೆ–ತುಂಗಭದ್ರೆಗಳ ನಡುವಿನ ಎರೆಭೂಮಿ. 1520ರಲ್ಲಿ ರಾಯ ಅದನ್ನೂ ಗೆದ್ದ. ಈ ಯುದ್ಧದ ಕಥೆ ನಮಗೆ ಇಂದು ಬೇಡ. ಗೆದ್ದವರ ಕಥೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ.

ನಾವು ನೋಡಬೇಕಾದದ್ದು ಕಲ್ಲು. ಗದುಗು, ಲಕ್ಕುಂಡಿ, ಲಕ್ಷ್ಮೇಶ್ವರ, ಡಂಬಳ ಈ ಕಡೆಯ ಹಳೆಯ ಗುಡಿಗಳನ್ನು ನೀವು ಕಂಡಿದ್ದೀರಿ. ಅವು ಚಾಲುಕ್ಯರ ಕಾಲದ ಗುಡಿಗಳು. ಬಳಪದ ಜಾತಿಯ ಮೆತ್ತನೆ ಕಲ್ಲು. ಉಳಿ ಹಿಡಿದವನ ಮನಸ್ಸು ಹೇಗೆ ಹೋಯಿತೋ ಹಾಗೆ ಕಲ್ಲೂ ಹೋಯಿತು. ಡಂಬಳದ ದೊಡ್ಡಬಸಪ್ಪನ ಗುಡಿಯ ಗೋಡೆ ಒಂದೇ ಸಮನೆ ಮೂಲೆ ಮೂಲೆ ತಿರುಗಿ ನಕ್ಷತ್ರವೇ ನೆಲಕ್ಕಿಳಿದಂತೆ ಇದೆ. ಆದರೆ ಎತ್ತರ ಎಷ್ಟು? ಬಹಳ ಇಲ್ಲ. ಅಲ್ಲಿ ಎತ್ತರವಾದದ್ದು ಇದ್ದರೆ ಅದು ದೇವರ ತಲೆಯ ಮೇಲಿನ ಶಿಖರ. ಹಂಪೆಯ ಕಾಲಕ್ಕೆ ಲೆಕ್ಕ ತಿರುಗಿತು. ಕಲ್ಲು ಕಗ್ಗಲ್ಲಾಯಿತು. ದೇವರ ತಲೆಯ ಮೇಲಿನ ಶಿಖರ ಸಣ್ಣದಾಗಿಯೇ ಉಳಿಯಿತು. ಬಾಗಿಲಿನ ಮೇಲಿನ ಗೋಪುರ ಬೆಳೆಯಿತು. ಕೆಳಗೆರಡು ಅಂತಸ್ತು ಕಲ್ಲು, ಮೇಲೆಲ್ಲ ಇಟ್ಟಿಗೆ ಮತ್ತು ಗಚ್ಚು. ಮುಂದೆ ರಥಬೀದಿ, ಬೀದಿಯ ಎರಡೂ ಕಡೆ ಅಂಗಡಿಯ ಸಾಲು, ಒಳಗೆ ನೂರು ಕಾಲಿನ ಮಂಟಪ, ಕಲ್ಯಾಣಮಂಟಪ, ಅಡಿಗೆಮನೆ. ದೇವರಿಗೆ ಮದುವೆಯಾಗಬೇಕು, ಉಯ್ಯಾಲೆಯಾಗಬೇಕು, ತೆಪ್ಪವಾಗಬೇಕು. ಇಷ್ಟೆಲ್ಲ ಆಗಬೇಕಾದರೆ ಅಷ್ಟು ಜಾಗ ಬೇಡವೇ? ಗುಡಿಯೇ ಒಂದು ಊರಾಯಿತು.

ಪಟ್ಟಕ್ಕೆ ಬಂದ ಹೊಸತಿನಲ್ಲಿಯೇ, 1509–10ರಲ್ಲಿ, ರಾಯ ವಿರೂಪಾಕ್ಷನ ಗುಡಿಯಲ್ಲಿ ರಂಗಮಂಟಪವನ್ನು ಕಟ್ಟಿಸಿದ, ಅದರ ಮುಂದೆ ಗೋಪುರವನ್ನು ಎತ್ತಿಸಿದ. ಅಲ್ಲಿ ಶಾಸನವಿದೆ. ಅದೇ ಶಾಸನ ಇನ್ನೊಂದು ಮಾತನ್ನು ಹೇಳುತ್ತದೆ, ನಿಮ್ಮ ಹಿರಿಯರು ಅದನ್ನು ಲಕ್ಷ್ಯವಿಟ್ಟು ಕೇಳಬೇಕು. ಮೊದಲೇ ಇದ್ದ ಹಿರಿಯ ಗೋಪುರವನ್ನು ರಾಯ ಜೀರ್ಣೋದ್ಧಾರ ಮಾಡಿಸಿದ. ಕೆಡವಲಿಲ್ಲ. ವಿರೂಪಾಕ್ಷನ ಪ್ರಾಕಾರದಲ್ಲಿ, ಪಕ್ಕದ ಹೇಮಕೂಟದ ಬಂಡೆಯ ಮೇಲೆ, ವಿಜಯನಗರ ಹುಟ್ಟುವುದಕ್ಕೆ ಮೊದಲೇ ಇದ್ದ ಪುಟ್ಟ ಪುಟ್ಟ ಗುಡಿಗಳು ಇಂದಿಗೂ ನಿಂತಿವೆ. ರಾಯನ ಬೊಕ್ಕಸದಲ್ಲಿ ಹಣಕ್ಕೆ ಕೊರತೆಯಿತ್ತೇ? ಆನೆಗಳಿಗೆ ಕೊರತೆಯಿತ್ತೇ? ಒಂದು ಅಪ್ಪಣೆ ಕೊಟ್ಟಿದ್ದರೆ ಒಂದು ದಿನದಲ್ಲಿ ಅವೆಲ್ಲ ನೆಲಸಮ. ಹಾಗಾಗಲಿಲ್ಲ. ನಮ್ಮ ಗದುಗಿನ ವೀರನಾರಾಯಣನ ಗುಡಿಯೂ ಹೀಗೆಯೇ. ಒಳಗಿನ ಗುಡಿ ಹಳೆಯದು, ಮುಂದಿನ ಮಹಾದ್ವಾರದ ಗೋಪುರ ವಿಜಯನಗರದ ಕಾಲದ್ದು. ಹೊಸದು ಹಳೆಯದರ ಮುಂದೆ ಕೈಮುಗಿದು ನಿಂತಂತೆ ನಿಂತಿದೆ. ಕುಮಾರವ್ಯಾಸ ಕುಳಿತು ಭಾರತ ಬರೆದನೆಂದು ಜನ ತೋರಿಸುವ ಕಂಬ ಉಳಿದದ್ದೂ ಅದರಿಂದಲೇ.

ಮುಂದೆ 1513ರಲ್ಲಿ ರಾಯ ಉದಯಗಿರಿಯ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಕೈಗೆ ಬಂದ ಮೇಲೆ ಅಲ್ಲಿದ್ದ ಬಾಲಕೃಷ್ಣನ ಮೂರ್ತಿಯನ್ನು ಹಂಪೆಗೆ ತಂದು, 1515ರಲ್ಲಿ ದೊಡ್ಡ ಗುಡಿ ಕಟ್ಟಿಸಿ ಪ್ರತಿಷ್ಠೆ ಮಾಡಿದ. ಆ ಗುಡಿಯ ಗೋಪುರದ ಮೇಲೆ ಗಚ್ಚಿನಲ್ಲಿ ಏನನ್ನು ಬಿಡಿಸಿದ್ದಾರೆ ಬಲ್ಲಿರಾ? ಕುದುರೆ, ಆನೆ, ಢಾಲು ಹಿಡಿದ ಸಿಪಾಯಿಗಳು. ಯುದ್ಧ! ಕೃಷ್ಣನ ದರ್ಶನಕ್ಕೆ ಹೋಗುವವನು ಮೊದಲು ರಾಯನ ದಂಡನ್ನು ದಾಟಿ ಹೋಗಬೇಕು. ಆ ಬಾಲಕೃಷ್ಣ ಈಗ ಎಲ್ಲಿದ್ದಾನೆ? ಮದ್ರಾಸಿನ ವಸ್ತುಸಂಗ್ರಹಾಲಯದಲ್ಲಿ. ಹಂಪೆಯ ಗರ್ಭಗುಡಿ ಬರಿದಾಗಿದೆ, ಗೋಪುರ ಅರ್ಧ ಬಿದ್ದಿದೆ. ವಿಠ್ಠಲನ ಗುಡಿಗೆ ರಾಣಿಯರಾದ ತಿರುಮಲದೇವಿ ಚಿನ್ನಾದೇವಿಯರು ಗೋಪುರ ಕಟ್ಟಿಸಿದರು. ಅದರ ಮೇಲಿನ ಇಟ್ಟಿಗೆಯೂ ಉದುರಿಹೋಗಿದೆ. ಒಳಗಿನ ಕಲ್ಲಿನ ರಥವನ್ನು ನೀವು ದಿನಾಲು ಐವತ್ತು ರೂಪಾಯಿ ನೋಟಿನ ಮೇಲೆ ನೋಡುತ್ತೀರಿ. ರಥ ಉಳಿಯಿತು, ಒಳಗಿನ ವಿಠ್ಠಲನಿಲ್ಲ.

ಇದನ್ನು ನಾವು ಹೀಯಾಳಿಸುವುದಕ್ಕೆ ಹೇಳುತ್ತಿಲ್ಲ. ಕೃಷ್ಣದೇವರಾಯ ಸಾಮಾನ್ಯನಲ್ಲ. ಕುಲದೇವರ ಒಲವು ವಿಷ್ಣುವಿನ ಕಡೆ ಹೊರಳಿತ್ತು, ತಿರುಪತಿಗೆ ಏಳು ಸಲ ಹೋಗಿ ಬಂದವನು. ಆದರೂ ವಿರೂಪಾಕ್ಷನ ಪೂಜೆಗೆ ಕಡಿಮೆ ಮಾಡಲಿಲ್ಲ. ರಾಯರ ಶಾಸನಗಳ ಕೊನೆಗೆ ಶ್ರೀ ವಿರೂಪಾಕ್ಷ ಎಂಬ ಅಂಕಿತವೇ ಬೀಳುತ್ತಿತ್ತು. ತಮಿಳು ಸೀಮೆಯ ಶಿವಾಲಯ ವಿಷ್ಣ್ವಾಲಯಗಳಿಂದ ಅರಮನೆಗೆ ಬರುತ್ತಿದ್ದ ಹತ್ತು ಸಾವಿರ ವರಹದ ತೆರಿಗೆಯನ್ನು ಬಿಟ್ಟುಕೊಟ್ಟ. ಆದರೆ ಬಿಟ್ಟುಕೊಟ್ಟದ್ದು ದೇವರಿಗೆ. ಒಕ್ಕಲಿಗನ ಪಾಡೇನು? ರಾಯನ ಕಾಲದ ನಂತರ ಬಂದ ನೂನಿಜ್ ಎಂಬ ಪೋರ್ತುಗೀಜ ಬರೆದಿಟ್ಟಿದ್ದಾನೆ, ರೈತರು ಹತ್ತರಲ್ಲಿ ಒಂಬತ್ತು ಪಾಲು ಒಡೆಯರಿಗೆ ಕೊಡುತ್ತಾರೆ ಎಂದು. ಈ ಮಾತು ಬಹಳ ಹೆಚ್ಚಾಯಿತೆಂದು ವಿದ್ವಾಂಸರು ಹೇಳುತ್ತಾರೆ. ನಮಗೂ ಹಾಗೇ ಅನ್ನಿಸುತ್ತದೆ. ಹತ್ತರಲ್ಲಿ ಒಂಬತ್ತು ಕೊಟ್ಟವನು ಮರುವರ್ಷ ಬಿತ್ತಲಿಕ್ಕೆ ಬದುಕಿರುವುದಿಲ್ಲ. ಒಂಬತ್ತು ಬೇಡ, ಐದೆನ್ನಿ. ಗೋಪುರದ ಇಟ್ಟಿಗೆ ಯಾವ ಹೊಲದಿಂದ ಬಂತೆಂಬುದು ತಿಳಿಯಲಿಕ್ಕೆ ಅಷ್ಟು ಸಾಕು.

ಇನ್ನೊಂದು ಪ್ರಸಂಗವನ್ನು ಹೇಳಬೇಕು. ಹೇಳಲಿಕ್ಕೆ ನಮಗೆ ಸಂಕಟವಾಗುತ್ತದೆ, ಆದರೂ ಹೇಳಬೇಕು, ಏಕೆಂದರೆ ನೀವು ಕೆರೆಯ ದಂಡೆಯ ಮೇಲಿನ ಜನ. ಹೊಸಪೇಟೆಯ ಹತ್ತಿರ, ತನ್ನ ತಾಯಿ ನಾಗಲಾಂಬಿಕೆಯ ಹೆಸರಿನ ನಾಗಲಾಪುರಕ್ಕಾಗಿ, ರಾಯ ಎರಡು ಗುಡ್ಡದ ನಡುವೆ ಒಡ್ಡು ಹಾಕಿಸಿ ದೊಡ್ಡ ಕೆರೆ ಕಟ್ಟಿಸಿದ. 1520ರ ಸುಮಾರಿಗೆ ಬಂದಿದ್ದ ಪಾಯಸ್ ಎಂಬವನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ದುಡಿಯುತ್ತಿದ್ದರಂತೆ, ಕಾಲಿಡುವ ನೆಲವೇ ಕಾಣುತ್ತಿರಲಿಲ್ಲವಂತೆ. ಒಡ್ಡು ಎರಡು ಮೂರು ಸಲ ಒಡೆಯಿತು. ಆಗ ಅರಮನೆಯ ಪಂಡಿತರು, ದೇವರಿಗೆ ಅಸಮಾಧಾನವಾಗಿದೆ, ರಕ್ತ ಬೇಕು ಎಂದರು. ಅರವತ್ತು ಜನ ಮನುಷ್ಯರ ತಲೆ ಗುಡಿಯ ಬಾಗಿಲಲ್ಲಿ ಹೋಯಿತು. ಜೊತೆಗೆ ಕುದುರೆ, ಕೋಣ. ಅವರು ಮರಣದಂಡನೆಗೆ ಗುರಿಯಾದ ಕೈದಿಗಳು ಎಂದು ನೂನಿಜ್ ಸಮಾಧಾನ ಹೇಳುತ್ತಾನೆ. ಅದೇನು ಸಮಾಧಾನ! ಆಮೇಲೆ ಒಡ್ಡು ನಿಂತಿತು. ನೀರು ಬಂತು, ತೋಟಗಳಾದವು, ಹೊಸದಾಗಿ ಸಾಗುವಳಿ ಮಾಡಿದವರಿಗೆ ಒಂಬತ್ತು ವರ್ಷ ಕಂದಾಯ ಮಾಫಿಯಾಯಿತು.

ಬಸವಣ್ಣನವರು ಧರ್ಮದ ಬೇರು ಯಾವುದೆಂದು ಹೇಳಿದ್ದಾರೆ, ಆ ವಚನ ನಿಮ್ಮ ಮಕ್ಕಳಿಗೆ ಬಾಯಿಪಾಠವಿದೆ, ನಾವು ಹೇಳಬೇಕಾಗಿಲ್ಲ. ಆ ಮಾತು ಹೇಳಿ ಮುನ್ನೂರೈವತ್ತು ವರ್ಷವಾಗಿತ್ತು. ಅದೇ ನಾಡು, ಅದೇ ಭಾಷೆ. ಆದರೂ ಗುಡಿಯ ಬಾಗಿಲಲ್ಲಿ ಅರವತ್ತು ತಲೆ. ಮಾತು ಎಲ್ಲಿ ಹೋಗಿತ್ತು?

ಮಾತು ತೋಟದಲ್ಲಿತ್ತು. ಅದನ್ನೇ ಈಗ ಹೇಳುತ್ತೇವೆ.

ಇದಕ್ಕೆ ಮೊದಲು, ಪ್ರೌಢದೇವರಾಯನ ಕಾಲದಲ್ಲಿ, ಅಂದರೆ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ, ಶರಣಧರ್ಮಕ್ಕೆ ಅರಮನೆಯ ಬಾಗಿಲು ತೆರೆದಿತ್ತು. ಲಕ್ಕಣ್ಣ ದಂಡೇಶ ದಂಡನಾಯಕನಾಗಿದ್ದ, ಚಾಮರಸ ಪ್ರಭುಲಿಂಗಲೀಲೆಯನ್ನು ಬರೆದ, ನೂರೊಂದು ವಿರಕ್ತರು ಹಂಪೆಯಲ್ಲಿದ್ದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಮನೆತನ ಬದಲಾಯಿತು, ಸಾಳುವರು ಬಂದರು, ತುಳುವರು ಬಂದರು, ಆ ಬಾಗಿಲು ಮೊದಲಿನಂತೆ ಉಳಿಯಲಿಲ್ಲ. ಆಗ ನಮ್ಮವರು ಅತ್ತರೇ? ಬಾಗಿಲು ಬಡಿದರೇ? ಇಲ್ಲ. ಜಂಗಮ ಎದ್ದು ನಡೆದ.

ತೋಂಟದ ಸಿದ್ಧಲಿಂಗೇಶ್ವರರು ಈ ಕಾಲದವರು. ಹದಿನೈದನೆಯ ಶತಮಾನದ ಕೊನೆ, ಹದಿನಾರನೆಯದರ ಮೊದಲು. ಹರದನಹಳ್ಳಿಯ ಗುರುಪರಂಪರೆಯಲ್ಲಿ ಬಂದವರು. ಏಳುನೂರೊಂದು ವಿರಕ್ತರೊಡನೆ ಊರೂರು ಸಂಚರಿಸಿದರು. ಕುಣಿಗಲ್ಲಿನ ಹತ್ತಿರ ಕಗ್ಗೆರೆ ಎಂಬಲ್ಲಿ, ನಾಗಿನೀ ನದಿಯ ದಂಡೆಯ ತೋಟದಲ್ಲಿ ಶಿವಯೋಗಕ್ಕೆ ಕುಳಿತರು. ಪುರಾಣ ಹೇಳುವ ಕಥೆ ಇದೆ. ಒಬ್ಬ ಭಕ್ತ ಬಂದು, ಮನೆಗೆ ದಯಮಾಡಿಸಬೇಕು, ಕರೆದೊಯ್ಯಲಿಕ್ಕೆ ಬರುತ್ತೇನೆ ಎಂದು ಹೇಳಿ ಹೋದ. ಹೋದವನು ಮರೆತ. ಗುರುಗಳು ಅಲ್ಲಿಯೇ ಕುಳಿತರು. ಮೈಮೇಲೆ ಹುತ್ತ ಬೆಳೆಯಿತು, ಆಕಳು ಬಂದು ಹಾಲು ಕರೆಯಿತು. ಎಷ್ಟೋ ಕಾಲಕ್ಕೆ ಭಕ್ತನಿಗೆ ನೆನಪಾಗಿ ಓಡಿ ಬಂದ. ನಾವು ಈ ಕಥೆಯನ್ನು ಪವಾಡವೆಂದು ಹೇಳುತ್ತೇವೆ. ಆದರೆ ನಮಗೆ ಅದರಲ್ಲಿ ಹಿಡಿಸಿದ್ದು ಹುತ್ತವಲ್ಲ. ಮರೆತ ಭಕ್ತನಿಗಾಗಿ ಗುರು ಕಾಯುತ್ತಾನೆ, ಅದು. ಪಟ್ಟಿ ಕೊಡದವಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಆ ತೋಟಕ್ಕೆ ಗೋಪುರವಿರಲಿಲ್ಲ. ಮಹಾದ್ವಾರವಿರಲಿಲ್ಲ. ಅಲ್ಲಿದ್ದದ್ದು ತಾಳೆಗರಿ ಮತ್ತು ಕಂಠ. ಕಲ್ಯಾಣದ ಕ್ರಾಂತಿಯಾದ ಮೇಲೆ ದಿಕ್ಕು ದಿಕ್ಕಿಗೆ ಚೆದುರಿದ್ದ ವಚನಗಳನ್ನು ಹುಡುಕುವುದು, ಕೂಡಿಸುವುದು, ಷಟ್‌ಸ್ಥಲದ ಕ್ರಮದಲ್ಲಿ ಹೊಂದಿಸುವುದು, ಬರೆಯುವುದು ನಡೆದಿತ್ತು. ಗುರುಗಳು ಸ್ವತಃ ಏಳುನೂರೊಂದು ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತವನ್ನು ಹೇಳಿದರು. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯಗಳು ಮೊದಲು ಕಟ್ಟಿದ್ದರು. ಈ ಪರಂಪರೆಯ ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣಾರ್ಯರು ಅದನ್ನು ಮತ್ತೆ ತಿದ್ದಿ ಬೆಳೆಸಿದರು. ಒಂದು ಕೃತಿಯನ್ನು ನಾಲ್ಕು ಮಂದಿ ನಾಲ್ಕು ಸಲ ಜೀರ್ಣೋದ್ಧಾರ ಮಾಡಿದರು ನೋಡಿ! ಯಾರೂ ಹಿಂದಿನವರನ್ನು ಕೆಡವಲಿಲ್ಲ. ರಾಯ ಉದಯಗಿರಿಗೆ ಮುತ್ತಿಗೆ ಹಾಕಿದ 1513ರಲ್ಲಿಯೇ ಗುಬ್ಬಿಯ ಮಲ್ಲಣಾರ್ಯ ಭಾವಚಿಂತಾರತ್ನವನ್ನು ಬರೆದು ಮುಗಿಸಿದ. ಅರಮನೆಯ ಹೊರಗೂ ಬೀದಿಯಲ್ಲಿ ಇನ್ನೊಂದು ದನಿ ಎದ್ದಿತ್ತು. ಪುರಂದರದಾಸರು ತಂಬೂರಿ ಹಿಡಿದು ತಿರುಗಿದ ಕಾಲ ಅದು. ನಮ್ಮ ಪಕ್ಕದ ಬಾಡದ ಕನಕದಾಸರು ಜಾತಿಯ ಪ್ರಶ್ನೆಯನ್ನು ಎತ್ತಿದ್ದೂ ಅದೇ ಶತಮಾನದಲ್ಲಿ. ಪಂಥ ಬೇರೆ ಇರಬಹುದು, ನುಡಿ ಕನ್ನಡ, ಕೇಳುವವರು ನಿಮ್ಮಂಥ ಜನ.

ದೂರದ ದೇಶದ ಒಂದು ಮಾತನ್ನೂ ಹೇಳಿಬಿಡುತ್ತೇವೆ, ಪಟ್ಟಿ ಬರೆದವರು ಕೇಳಲಿ. ಇತ್ತ ರಾಯ ಗೋಪುರ ಎತ್ತಿಸುವಾಗ ಅತ್ತ ರೋಮಿನಲ್ಲಿ ಕ್ರೈಸ್ತರ ದೊಡ್ಡ ಗುರುಗಳು ಸಂತ ಪೀಟರರ ಹಳೆಯ ಇಗರ್ಜಿಯನ್ನು ಕೆಡವಿಸಿ ಹೊಸದಕ್ಕೆ 1506ರಲ್ಲಿ ಅಡಿಗಲ್ಲು ಹಾಕಿದರು. ಹಳೆಯದು ಸಾವಿರದ ನೂರು ವರ್ಷಕ್ಕೂ ಮಿಕ್ಕಿದ್ದು. ಹಣ ಸಾಲಲಿಲ್ಲ. ಹಣ ಕೊಟ್ಟವರಿಗೆ ಪಾಪದ ಶಿಕ್ಷೆ ಮಾಫಿ ಎಂಬ ಚೀಟಿಯನ್ನು ಊರೂರಿಗೆ ಒಯ್ದು ಮಾರಿದರು. ಸತ್ತ ತಂದೆತಾಯಿಯ ಹೆಸರಿನಲ್ಲಿಯೂ ಚೀಟಿ! 1517ರಲ್ಲಿ ಜರ್ಮನಿಯ ಲೂಥರ್ ಎಂಬ ಸನ್ಯಾಸಿ ಎದ್ದು, ಇದು ಸಲ್ಲದು ಎಂದ. ಆ ಒಂದು ಮಾತಿನಿಂದ ಆ ಧರ್ಮವೇ ಎರಡಾಯಿತು. ಕಟ್ಟಡವೇನೋ ಎದ್ದಿತು, ಜಗತ್ತೇ ನೋಡಲು ಹೋಗುತ್ತದೆ. ಅದನ್ನು ಕಟ್ಟುವ ಪಟ್ಟಿಯಿಂದ ಮನೆ ಒಡೆಯಿತು. ನಿಮ್ಮ ಪಟ್ಟಿಯಲ್ಲಿ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೊರೆಸುತ್ತೀರಂತೆ. ಕೊಡದವರ ಹೆಸರು ಯಾವ ಕಲ್ಲಿನಲ್ಲಿ ಬರುತ್ತದೆ? ಎಲ್ಲರ ಮನಸ್ಸಿನಲ್ಲಿ ಬರುತ್ತದೆ. ಆ ಮುದುಕಿಗೆ ಅದೇ ಅಂಜಿಕೆ.

ಮುಂದಿನದು ನಿಮಗೆ ಗೊತ್ತು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವಾಯಿತು, ಹಂಪೆ ಹಾಳಾಯಿತು. ಮುಂದಿನ ದಶಕದಲ್ಲಿ ಬಂಕಾಪುರವೂ ವಿಜಾಪುರದವರ ಕೈಸೇರಿ ಈ ಸೀಮೆಯ ಒಡೆತನ ತಿರುಗಿತು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಶಂಖಬಸದಿ, 1617ರಲ್ಲಿ ಅಂಕುಶಖಾನ ಕಟ್ಟಿಸಿದ ಮಸೂತಿ ಮೂರೂ ಒಂದೇ ಊರೊಳಗೆ ನಿಂತವು. ಶಿರಹಟ್ಟಿಯ ಫಕೀರೇಶ್ವರರ ಗದ್ದುಗೆಗೆ ಇಂದಿಗೂ ಎರಡೂ ಕಡೆಯ ಜನ ಸಕ್ಕರೆ ಓದಿಸುತ್ತಾರೆ. ರಾಯರು ಹೋದರು, ಶಾಹಿಗಳು ಬಂದರು, ಅವರೂ ಹೋದರು. ತೋಟದ ತಾಳೆಗರಿ? ಅದು ಮಠದಿಂದ ಮಠಕ್ಕೆ, ಅಟ್ಟದಿಂದ ಅಟ್ಟಕ್ಕೆ ನಡೆಯಿತು. ಡಂಬಳ–ಗದುಗಿನ ತೋಂಟದಾರ್ಯ ಮಠ ಆ ತೋಟದ ಹೆಸರನ್ನೇ ಹೊತ್ತು ನಮ್ಮ ನಡುವೆ ಇದೆ. ನಾಲ್ಕುನೂರು ವರ್ಷದ ಮೇಲೆ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ಆ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರ ಅಚ್ಚಾಯಿತು, 1930ರಲ್ಲಿ ಗೂಳೂರು ಸಿದ್ಧವೀರಣಾರ್ಯರ ಶೂನ್ಯಸಂಪಾದನೆ ಹೊರಬಂತು. ನಿಮ್ಮ ಮನೆಯ ಮಾಡದಲ್ಲಿ ಇಂದು ವಚನದ ಪುಸ್ತಕವಿದ್ದರೆ ಅದು ರಾಯನ ಗೋಪುರದಿಂದ ಬಂದದ್ದಲ್ಲ.

ಇಷ್ಟು ಹೇಳಿ ನಾವು ದೊಡ್ಡವರಾಗಿ ಕುಳಿತುಬಿಟ್ಟರೆ ಸುಳ್ಳಾಗುತ್ತದೆ. ನಮ್ಮ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮಠಕ್ಕೆ ಒಂದು ಮಹಾದ್ವಾರ ಬೇಕೆಂದು ನಮಗೂ ಆಸೆಯಾಯಿತು. ಭಕ್ತರು ಬಂದು ಒತ್ತಾಯ ಮಾಡಿದರು ಎಂದು ಹೇಳಬಹುದು. ನಿಜ ಹೇಳಬೇಕೆಂದರೆ ಮೊದಲು ಆಸೆಪಟ್ಟವರು ನಾವೇ. ಬೇರೆ ಮಠದ ದ್ವಾರ ನೋಡಿ ಬಂದಿದ್ದೆವು. ದ್ವಾರ ಎದ್ದಿತು. ನೀವೂ ನೋಡಿದ್ದೀರಿ, ಚೆಂದವಾಗಿದೆ. ಲೆಕ್ಕ ಹಾಕಿದ್ದಕ್ಕಿಂತ ಖರ್ಚು ಇಮ್ಮಡಿಯಾಯಿತು. ಸಾಲ ತೀರಿಸಲಿಕ್ಕೆ ಎರಡು ವರ್ಷ ಪ್ರಸಾದನಿಲಯಕ್ಕೆ ಹೊಸ ಹುಡುಗರನ್ನು ತೆಗೆದುಕೊಳ್ಳಲಿಲ್ಲ. ಆ ಎರಡು ವರ್ಷ ನಮ್ಮ ಬಾಗಿಲಿಗೆ ಬಂದು ತಿರುಗಿ ಹೋದ ಹುಡುಗರು ಎಲ್ಲಿ ಹೋದರೋ, ಯಾವ ಹೋಟೆಲಿನಲ್ಲಿ ಕಪ್ಪು ತೊಳೆದರೋ ನಮಗೆ ಗೊತ್ತಿಲ್ಲ. ಅಷ್ಟೇ ಅಲ್ಲ. ಕೆಲಸದ ಗದ್ದಲದಲ್ಲಿ ಹಿಂದಿನ ಅಟ್ಟದ ಮಾಳಿಗೆ ಸೋರುವುದನ್ನು ಯಾರೂ ಲಕ್ಷಿಸಲಿಲ್ಲ. ಮಳೆಗಾಲ ಮುಗಿದು ಅಟ್ಟ ಹತ್ತಿ ನೋಡಿದರೆ, ಹಿರಿಯ ಗುರುಗಳು ಬಿಳಿ ಅರಿವೆಯಲ್ಲಿ ಕಟ್ಟಿಟ್ಟಿದ್ದ ತಾಳೆಗರಿಯ ಎರಡು ಕಟ್ಟುಗಳಿಗೆ ಗೆದ್ದಲು ಹತ್ತಿತ್ತು. ಅರಿವೆಯ ಗಂಟು ಹಾಗೆಯೇ ಇತ್ತು. ಬಿಚ್ಚಿದರೆ ಒಳಗೆ ಮಣ್ಣು. ಅದರಲ್ಲಿ ಯಾವ ಗ್ರಂಥವಿತ್ತೆಂದು ಯಾರೂ ಬರೆದಿಟ್ಟಿರಲಿಲ್ಲ. ಅಂದಿನಿಂದ ನಾವು ಆ ದ್ವಾರದ ಕೆಳಗೆ ಹಾಯುವಾಗಲೆಲ್ಲ ತಲೆ ಎತ್ತಿ ನೋಡುವುದಿಲ್ಲ.

ಈಗ ನಿಮ್ಮ ನಕ್ಷೆ.

ಗುಡಿ ಸೋರುತ್ತದೆ, ನಿಜ. ನಾವು ಮಧ್ಯಾಹ್ನ ಹೋಗಿ ನೋಡಿ ಬಂದೆವು. ಮೇಲಿನ ಚಪ್ಪಡಿಯ ಸಂದಿನಲ್ಲಿ ಅರಳಿಯ ಗಿಡ ಬೇರು ಬಿಟ್ಟಿದೆ. ಅದು ಕಲ್ಲನ್ನು ಎತ್ತಿದೆ, ನೀರು ಅಲ್ಲಿಂದ ಇಳಿಯುತ್ತದೆ. ಅದರ ಮೇಲೆ ಯಾರೋ ಸಿಮೆಂಟು ಮೆತ್ತಿದ್ದಾರೆ. ಹಳೆಯ ಕಲ್ಲಿಗೂ ಸಿಮೆಂಟಿಗೂ ಕೂಡಿಬರುವುದಿಲ್ಲ. ಅದು ನೀರನ್ನು ಹೊರಗೆ ಬಿಡದೆ ಒಳಗೇ ಹಿಡಿಯುತ್ತದೆ, ಆಮೇಲೆ ಕಲ್ಲು ಚಕ್ಕೆ ಏಳುತ್ತದೆ. ಹಿಂದಿನವರು ಸುಣ್ಣ ಅರೆದು ಗಚ್ಚು ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಗಿಡವನ್ನು ಬೇರು ಸಹಿತ ತೆಗೆಸಬೇಕು, ಸಿಮೆಂಟು ಕೆರೆಯಿಸಬೇಕು, ಸಂದಿಗೆ ಸುಣ್ಣದ ಗಚ್ಚು ತುಂಬಿಸಬೇಕು, ಮಾಳಿಗೆಯ ನೀರಿಗೆ ಇಳಿಜಾರು ಕೊಡಿಸಬೇಕು. ಇದನ್ನು ಬಲ್ಲ ಕೆಲಸಗಾರರು ಇಂದಿಗೂ ಸಿಗುತ್ತಾರೆ. ಐದಂತಸ್ತಿನ ಗೋಪುರದ ಖರ್ಚಿನಲ್ಲಿ ಇದಕ್ಕೆ ಬೇಕಾದದ್ದು ಅಲ್ಪಪಾಲು. ಮೊದಲು ಪುರಾತತ್ವ ಇಲಾಖೆಯವರಿಗೆ ಒಂದು ಅರ್ಜಿ ಬರೆದು, ಬಂದು ನೋಡಿ ಎಂದು ಕೇಳಿರಿ. ಎಷ್ಟೋ ಊರುಗಳಲ್ಲಿ ಅರಿವೆ ಒಗೆಯುವ ಕಲ್ಲನ್ನು ಮಗುಚಿದರೆ ಶಾಸನ ಸಿಕ್ಕಿದೆ. ಕೆಡವಿದ ಮೇಲೆ ಸಿಕ್ಕ ಕಲ್ಲು ಜಲ್ಲಿಯಾಗಿರುತ್ತದೆ.

ಹಿರಿಯರೇ, ನೀವು ಬೇಜಾರು ಮಾಡಿಕೊಳ್ಳಬಾರದು. ಗೋಪುರ ಕಟ್ಟುವುದು ಪಾಪವೆಂದು ನಾವು ಹೇಳಲಿಲ್ಲ. ಹಂಪೆಯಲ್ಲಿ 1528ರಲ್ಲಿ ಪ್ರತಿಷ್ಠೆಯಾದ ದೊಡ್ಡ ನರಸಿಂಹನನ್ನು ನೋಡಿದ್ದೀರಿ, ಆಳುದ್ದದ ಮೂರು ಪಟ್ಟು ಎತ್ತರ. ಅದರ ಮಗ್ಗುಲಲ್ಲಿಯೇ ಒಂದು ಸಣ್ಣ ಗುಡಿ. ಮಾಳಿಗೆಯಿಲ್ಲ, ಗೋಪುರವಿಲ್ಲ. ಒಳಗೆ ಒಂದೇ ಕಲ್ಲಿನ ದೊಡ್ಡ ಲಿಂಗ. ಬುಡದಲ್ಲಿ ಯಾವಾಗಲೂ ಕಾಲುವೆಯ ನೀರು ನಿಂತಿರುತ್ತದೆ. ಜನ ಅದನ್ನು ಬಡವಿಲಿಂಗ ಎನ್ನುತ್ತಾರೆ. ಒಬ್ಬ ಬಡವಿ ಮಾಡಿಸಿದ್ದಂತೆ. ಶಾಸನವಿಲ್ಲ, ಹೆಸರಿಲ್ಲ, ಯಾವ ಪಟ್ಟಿಯಲ್ಲಿಯೂ ಆಕೆ ಇಲ್ಲ. ನರಸಿಂಹನ ಕೈ ಮುರಿದಿವೆ. ಬಡವಿಯ ಲಿಂಗ ಹಾಗೆಯೇ ಇದೆ. ಮುಂಜಾನೆ ಕಂಬದ ಮರೆಯಲ್ಲಿ ನಿಂತಿದ್ದ ತಾಯಿ ಈ ಸಭೆಯಲ್ಲಿ ಇದ್ದರೆ ಕೇಳಲಿ: ಅವ್ವಾ, ನೀ ಮೊಮ್ಮಗಳ ಸಾಲಿಗೆ ತುಂಬಿದ್ದನ್ನು ನಾವು ಪಟ್ಟಿಯೊಳಗ ಮೊದಲ ಸಾಲಿಗೆ ಬರಸ್ತೇವಿ.

ಅಡಿಗಲ್ಲು ಹಾಕಲಿಕ್ಕೆ ನಾವು ಬರುವುದಿಲ್ಲ. ಗಿಡದ ಬೇರು ಕೀಳುವ ದಿನ ಬರುತ್ತೇವೆ. ಮಾಗಿಯ ಚಳಿ ಆರಂಭವಾಗಲಿ, ನಿಮ್ಮ ಕೆರೆಗೆ ಹಿಮಾಲ ದಾಟಿ ಪಟ್ಟೆತಲೆಯ ಹಕ್ಕಿಗಳು ಬರುವ ಹೊತ್ತಿಗೆ ಮಳೆಯೂ ನಿಂತಿರುತ್ತದೆ, ಸುಣ್ಣದ ಕೆಲಸಕ್ಕೆ ಅದೇ ಒಳ್ಳೆಯ ಕಾಲ. ರಾತ್ರಿ ನಿಮ್ಮ ಹೊಲದಲ್ಲಿ ಮೇಯ್ದು ಹಗಲು ಕೆರೆಗೆ ಮರಳುವ ಆ ಹಕ್ಕಿಗಳಿಂದ ನೀವು ಎಂದೂ ಪಟ್ಟಿ ಕೇಳಿದವರಲ್ಲ. 2024ರಲ್ಲಿ ನಿಮ್ಮ ಕೆರೆಗೆ ರಾಮ್‌ಸಾರ್ ತಾಣವೆಂಬ ಲೋಕಮಾನ್ಯತೆ ಬಂದಾಗ ಪತ್ರಿಕೆಯಲ್ಲಿ ಓದಿ ನಮಗೆ ಹೆಮ್ಮೆಯಾಯಿತು.

ಬರುವ ಸೋಮವಾರ ಪಟ್ಟಿಯ ವಹಿಯನ್ನು ತೆಗೆದುಕೊಂಡು ಹಿರಿಯರು ನಮ್ಮ ಕಡೆ ಬರಬೇಕು. ಈಗಾಗಲೇ ಕೂಡಿದ ಹಣ ಎಷ್ಟು, ಯಾರು ಸಾಲ ಮಾಡಿ ಕೊಟ್ಟಿದ್ದಾರೆ, ನೋಡೋಣ. ಸಾಲ ಮಾಡಿ ಕೊಟ್ಟವರಿಗೆ ಮೊದಲು ತಿರುಗಿ ಕೊಡಬೇಕು. ಮನೆಯಲ್ಲಿ ಅಟ್ಟವಿದ್ದವರು ಈ ವಾರ ಒಮ್ಮೆ ಹತ್ತಿ ನೋಡಿರಿ. ಅಜ್ಜನ ಕಾಲದ ಕಟ್ಟೇನಾದರೂ ಇದ್ದರೆ ಬಿಚ್ಚದೆ ಹಾಗೆಯೇ ತನ್ನಿರಿ, ನಾವು ಬಿಚ್ಚಿಸುತ್ತೇವೆ. ಮಾಹೇಶ್ವರಸ್ಥಲದ ಮಾತು ನಾಳೆಗಿರಲಿ. ಈಗ ಮಂಗಳಾರತಿ, ಆಮೇಲೆ ಎಲ್ಲರೂ ಪ್ರಸಾದ ತೆಗೆದುಕೊಂಡು ಹೋಗಬೇಕು.